ಪ್ರೊಬೇಷನ್ ರದ್ದತಿಯೂ ಪರಿಹಾರದಂಡವೂ: ಕ್ಯಾಲಿಫೋರ್ನಿಯಾದ ದಂಡವಿಧಿಯ ಒಂದು ಚರಿತ್ರೆ

ಬಾಸ್ಟನ್ ನಗರದಲ್ಲಿ ಪಾದರಕ್ಷೆ ಮಾಡಿ ಜೀವಿಸುತ್ತಿದ್ದ ಜಾನ್ ಅಗಸ್ಟಸ್ ಎಂಬ ಸಜ್ಜನನು 1841ರಲ್ಲಿ ಕುಡುಕನೊಬ್ಬನಿಗೆ ಜಾಮೀನು ನಿಂತು, ಅವನನ್ನು ತಿದ್ದುವ ಹೊಣೆಯನ್ನು ತಾನೇ ಹೊತ್ತು, ಮೂರು ವಾರಗಳ ತರುವಾಯ ಮರಳಿ ನ್ಯಾಯಾಲಯಕ್ಕೆ ಕರೆತಂದಾಗ, ನ್ಯಾಯಾಧೀಶರು ಸೆರೆವಾಸಕ್ಕೆ ಬದಲಾಗಿ ವಿಧಿಸಿದ ದಂಡವು ಕೇವಲ ಒಂದು ಸೆಂಟು. ಮೊಕದ್ದಮೆಯ ಖರ್ಚೂ ಸೇರಿ ಒಟ್ಟು 3.76 ಡಾಲರು. ಅಪರಾಧಿಯನ್ನು ಸೆರೆಗೆ ಕಳುಹಿಸುವ ಬದಲು ನಿಬಂಧನೆಗಳ ಮೇಲೆ ಹೊರಗಿರಿಸುವ ಪ್ರೊಬೇಷನ್ ಪದ್ಧತಿಯ ಮೂಲವೆಂದು ವಿದ್ವಾಂಸರು ಗಣಿಸುವ ಈ ಪ್ರಸಂಗದಲ್ಲಿ ದಯೆಯ ಬೆನ್ನಿಗೇ ಹಣದ ಲೆಕ್ಕವೂ ಇದ್ದಿತೆಂಬುದನ್ನು ಬಹುಮಂದಿ ಗಮನಿಸಿಲ್ಲ.

ಈ ಹಣದ ಲೆಕ್ಕವು ಕ್ಯಾಲಿಫೋರ್ನಿಯಾದಲ್ಲಿ ಬೇರೊಂದು ರೂಪ ತಾಳಿತು. ಅಪರಾಧದಿಂದ ನೊಂದವರಿಗೆ ಸರಕಾರದ ನಿಧಿಯಿಂದ ಪರಿಹಾರ ನೀಡುವ ಏರ್ಪಾಡನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ, 1965ರಲ್ಲಿ. 1982ರ ಜೂನ್ ತಿಂಗಳಲ್ಲಿ ಅಲ್ಲಿನ ಮತದಾರರು ನಷ್ಟಭರ್ತಿಯನ್ನು ನೊಂದವರ ಸಾಂವಿಧಾನಿಕ ಹಕ್ಕೆಂದು ಅಂಗೀಕರಿಸಿದ ಮೇಲೆ, ಶಾಸನಸಭೆಯು ‘ಪರಿಹಾರದಂಡ’ವೆಂಬ ಹೊಸ ದಂಡವನ್ನು ನಿರ್ಮಿಸಿತು. ಹೆಸರು ಪರಿಹಾರದ್ದಾದರೂ ಈ ಹಣವು ಸಲ್ಲುವುದು ಸರಕಾರದ ನಿಧಿಗೆ. ನೊಂದವನಿಗೆ ನೇರವಾಗಿ ಸಲ್ಲತಕ್ಕ ನಷ್ಟಭರ್ತಿಯು ಬೇರೆ. ಘೋರಾಪರಾಧಗಳಿಗೆ ಪರಿಹಾರದಂಡದ ಕನಿಷ್ಠ ಪ್ರಮಾಣ ಈಗ 300 ಡಾಲರು, ಗರಿಷ್ಠ 10,000.

ಪ್ರೊಬೇಷನ್ ನೀಡುವಾಗ ಒಮ್ಮೆ ಈ ದಂಡವನ್ನು ವಿಧಿಸಿ, ಅಪರಾಧಿಯು ನಿಬಂಧನೆ ಮೀರಿದನೆಂದು ಪ್ರೊಬೇಷನ್ ರದ್ದುಪಡಿಸುವಾಗ ಮತ್ತೊಮ್ಮೆ ವಿಧಿಸಬಹುದೇ? 1998ರ ಮೊಕದ್ದಮೆಯೊಂದರಲ್ಲಿ ಮೊದಲು 200 ಡಾಲರು, ರದ್ದತಿಯಲ್ಲಿ 500 ಡಾಲರು ವಿಧಿಸಿದ್ದುದನ್ನು ಕಂಡ ಮೇಲ್ಮನವಿ ನ್ಯಾಯಾಲಯವು, ಮೊದಲನೆಯ ದಂಡವು ರದ್ದತಿಯ ನಂತರವೂ ಜೀವಂತವಾಗಿರುತ್ತದೆಂದು ಹೇಳಿ ಎರಡನೆಯದನ್ನು ಹೊಡೆದುಹಾಕಿತು. ಶಾಸನಸಭೆಯಾದರೋ 2004ರಲ್ಲಿ ಬೇರೊಂದು ದಾರಿಯನ್ನು ಹುಡುಕಿತು: ಪ್ರೊಬೇಷನ್ ನೀಡುವ ದಿನವೇ ಮೊದಲ ದಂಡದಷ್ಟೇ ಮೊತ್ತದ ಇನ್ನೊಂದು ದಂಡವನ್ನು ವಿಧಿಸಿ, ರದ್ದತಿಯಾಗುವವರೆಗೆ ಅದನ್ನು ತಡೆಹಿಡಿದಿಡತಕ್ಕದ್ದು.

ದಂಡ ಕಟ್ಟಲಾರದ ಬಡವನ ಪ್ರಶ್ನೆಯು ಏಳುವುದು ಇಲ್ಲಿಯೇ. ಜಾರ್ಜಿಯಾದಲ್ಲಿ ಓದಲು ಬಾರದ ಯುವಕನೊಬ್ಬನಿಗೆ 500 ಡಾಲರು ದಂಡವನ್ನೂ 250 ಡಾಲರು ನಷ್ಟಭರ್ತಿಯನ್ನೂ ವಿಧಿಸಿ ಪ್ರೊಬೇಷನ್ ನೀಡಲಾಗಿತ್ತು. ತಂದೆತಾಯಿಗಳಿಂದ ಸಾಲ ತಂದು 200 ಡಾಲರು ಕಟ್ಟಿದ ಆತನು, ಕೆಲಸ ಕಳೆದುಕೊಂಡು ಮಿಕ್ಕ 550 ಡಾಲರು ಕಟ್ಟಲಾರದೆ ಸೆರೆಮನೆ ಸೇರಬೇಕಾಯಿತು. ಯತ್ನಿಸಿಯೂ ಕೊಡಲಾರದವನನ್ನು, ಬೇರೆ ಉಪಾಯವುಂಟೇ ಎಂದು ವಿಚಾರಿಸದೆ ಸೆರೆಗೆ ತಳ್ಳಬಾರದೆಂದು ಬೇರ್ಡನ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ತೀರ್ಪಿತ್ತಿತು. ಇಷ್ಟಾದರೂ ಕ್ಯಾಲಿಫೋರ್ನಿಯಾದ ಶಾಸನವು, ಕೊಡುವ ಶಕ್ತಿಯಿಲ್ಲವೆಂಬುದು ಕನಿಷ್ಠ ದಂಡವನ್ನು ಮನ್ನಿಸಲು ಕಾರಣವಲ್ಲವೆಂದು ವಿಧಿಸಿರುವುದು, ನನ್ನ ಎಣಿಕೆಯಲ್ಲಿ, ಆ ತೀರ್ಪಿನ ಆಶಯಕ್ಕೆ ಹೊರತಾದುದು.

2019ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಪೀಠವೊಂದು, ಅಪರಾಧಿಗೆ ಕೊಡುವ ಶಕ್ತಿಯುಂಟೆಂದು ಸಿದ್ಧವಾಗುವವರೆಗೆ ಪರಿಹಾರದಂಡದ ವಸೂಲಿಯನ್ನು ತಡೆಹಿಡಿಯಬೇಕೆಂದಿತು. ಬೇರೆ ಕೆಲವು ಪೀಠಗಳು ಇದನ್ನು ಒಪ್ಪಲಿಲ್ಲ. ವಿಧಿಸಿ 10 ವರ್ಷ ಕಳೆದ ಪರಿಹಾರದಂಡದ ಬಾಕಿಯನ್ನು ವಸೂಲು ಮಾಡತಕ್ಕದ್ದಲ್ಲವೆಂದು 2024ರ ಶಾಸನವು ನಿರ್ಣಯಿಸಿದೆ. ನೊಂದವನಿಗೆ ಸಲ್ಲತಕ್ಕ ನಷ್ಟಭರ್ತಿಗೆ ಈ ಅವಧಿಯ ಮಿತಿ ಅನ್ವಯಿಸುವುದಿಲ್ಲ.