ಕರಗಿದ ಉಪ್ಪು, ಬದಲಾದ ನೀರು: ಕೃಷ್ಣೆಯ ದಡದಿಂದ ವಿಶಾಖಪಟ್ಟಣದ ಕಡಲವರೆಗೆ

ಮಹಾಬಲೇಶ್ವರದಲ್ಲಿ ಹುಟ್ಟಿ, ನಮ್ಮ ಆಲಮಟ್ಟಿ ಮತ್ತು ನಾರಾಯಣಪುರದ ಅಣೆಕಟ್ಟುಗಳನ್ನು ದಾಟಿ ಬರುವ ಕೃಷ್ಣೆಯು ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಬಳಿ ಕೆಲಕಾಲ ತಡೆದು ನಿಂತು, ಮುಂದೆ ಹಂಸಲದೀವಿಯ ಹತ್ತಿರ ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ನದಿಯ ನೀರು ಜೀವಜಲ. ಅದೇ ಕಡಲಿನ ನೀರನ್ನು ಬಾಯಿಗಿಡಲಾಗದು. ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ವ್ಯತ್ಯಾಸವಿರುವುದು ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಕರಗಿರುವ ಸುಮಾರು 35 ಗ್ರಾಂ ಲವಣಗಳಲ್ಲಿ. ಇಷ್ಟು ಲವಣವು ರುಚಿಯನ್ನಷ್ಟೇ ಅಲ್ಲ, ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಉಷ್ಣತೆ, ಅದರ ಸಾಂದ್ರತೆ, ಅದು ಆವಿಯಾಗುವ ಬಗೆ, ಜೀವಕೋಶದೊಡನೆ ಅದರ ವರ್ತನೆ ಎಲ್ಲವನ್ನೂ ಬದಲಿಸಿಬಿಡುತ್ತದೆ.

ಈ ಲೇಖಕ ಕಲಾ ಪದವೀಧರ. ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವನಲ್ಲ. ಬ್ಯಾಂಕಿನ ವರ್ಗಾವಣೆಯ ನಿಮಿತ್ತ ಈ ಎರಡು ನಗರಗಳಲ್ಲಿ ಕೆಲವು ವರ್ಷ ಕಳೆಯಬೇಕಾಯಿತು. ಅಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳಲು ಆಮೇಲೆ ಓದಿದ್ದನ್ನು ಓದುಗರೊಡನೆ ಹಂಚಿಕೊಳ್ಳುವುದಷ್ಟೇ ಇಲ್ಲಿಯ ಉದ್ದೇಶ.

ಎಣಿಕೆಯ ನಿಯಮ

ಕರಗುವ ವಸ್ತುವನ್ನು ದ್ರಾವ್ಯವೆಂದೂ, ಕರಗಿಸಿಕೊಳ್ಳುವ ದ್ರವವನ್ನು ದ್ರಾವಕವೆಂದೂ, ಎರಡೂ ಬೆರೆತದ್ದನ್ನು ದ್ರಾವಣವೆಂದೂ ಕರೆಯುತ್ತಾರೆ. ದ್ರಾವಣದ ಕೆಲವು ಗುಣಗಳು, ಅದು ತೆಳುವಾಗಿರುವವರೆಗೆ, ಕರಗಿದ ವಸ್ತು ಯಾವುದು ಎಂಬುದನ್ನು ಅವಲಂಬಿಸುವುದಿಲ್ಲ. ಕರಗಿದ ಕಣಗಳು ಎಷ್ಟು ಎಂಬುದನ್ನು ಮಾತ್ರ ಅವಲಂಬಿಸುತ್ತವೆ. ಆವಿಯ ಒತ್ತಡ ಇಳಿಯುವುದು, ಕುದಿಬಿಂದು ಏರುವುದು, ಹೆಪ್ಪುಗಟ್ಟುವ ಬಿಂದು ಇಳಿಯುವುದು ಮತ್ತು ಅಭಿಸರಣ ಒತ್ತಡ ಉಂಟಾಗುವುದು, ಇವೇ ಆ ನಾಲ್ಕು ಗುಣಗಳು.

ಫ್ರಾನ್ಸಿನ ಗ್ರೆನೋಬಲ್ ನಗರದ ವಿಜ್ಞಾನಿ ರೌಲ್ 1880ರ ದಶಕದಲ್ಲಿ ಇದನ್ನು ಅಳತೆಗಳ ಮೂಲಕ ತೋರಿಸಿದನು. ದ್ರಾವಣಗಳ ಅಭಿಸರಣ ಒತ್ತಡದ ನಿಯಮವನ್ನು ಕಂಡುಕೊಂಡ ಹಾಲೆಂಡಿನ ವಾಂಟ್ ಹಾಫ್‌ನಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ದೊರೆಯಿತು. ಉಪ್ಪು ನೀರಿನಲ್ಲಿ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ ಒಡೆಯುತ್ತದೆಂದು ಹೇಳಿದ ಸ್ವೀಡನ್ನಿನ ಅರ್ಹೇನಿಯಸ್‌ನಿಗೆ 1903ರಲ್ಲಿ ಅದೇ ಗೌರವ ಸಂದಿತು.

ಒಂದು ಉದಾಹರಣೆ ನೋಡೋಣ. 342 ಗ್ರಾಂ ಸಕ್ಕರೆಯಲ್ಲಿ ಎಷ್ಟು ಅಣುಗಳಿವೆಯೋ 58.5 ಗ್ರಾಂ ಅಡುಗೆ ಉಪ್ಪಿನಲ್ಲಿ ಅಷ್ಟೇ ಘಟಕಗಳಿವೆ. ಆ ಸಕ್ಕರೆಯನ್ನು ಒಂದು ಕಿಲೋ ನೀರಿನಲ್ಲಿ ಕರಗಿಸಿದರೆ ಹೆಪ್ಪುಗಟ್ಟುವ ಬಿಂದು ಸುಮಾರು 1.86 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಉಪ್ಪನ್ನು ಕರಗಿಸಿದರೆ ಇಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಕ್ಕರೆಯ ಅಣು ಒಡೆಯದೆ ಇಡಿಯಾಗಿ ಉಳಿದರೆ, ಉಪ್ಪಿನ ಪ್ರತಿ ಘಟಕವೂ ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗುವುದೇ ಇದಕ್ಕೆ ಕಾರಣ. ಇಲ್ಲಿ ಲೆಕ್ಕಕ್ಕೆ ಬರುವುದು ತೂಕವಲ್ಲ, ತಲೆಎಣಿಕೆ!

ಐಸ್ ಫ್ಯಾಕ್ಟರಿಯ ಉಪ್ಪುನೀರು

ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಬೆಳಗಿನ ಜಾವ ದೋಣಿಗಳು ಹೊರಡುವ ಮುನ್ನ ಐಸ್ ಗಡ್ಡೆಗಳನ್ನು ಪುಡಿಮಾಡಿ ತುಂಬಿಸಿಕೊಳ್ಳುತ್ತವೆ. ದೊಡ್ಡ ಗಡ್ಡೆಗಳನ್ನು ತಯಾರಿಸುವ ಐಸ್ ಫ್ಯಾಕ್ಟರಿಗಳ ಕಾರ್ಯವಿಧಾನವೇ ನಮ್ಮ ವಿಷಯಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಒಂದು ದೊಡ್ಡ ತೊಟ್ಟಿಯ ತುಂಬ ಗಾಢವಾದ ಉಪ್ಪುನೀರು ಇರುತ್ತದೆ. ಅಮೋನಿಯಾ ಯಂತ್ರದಿಂದ ಅದನ್ನು ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಕ್ಕೆ ತಂಪಾಗಿಸುತ್ತಾರೆ. ಅಷ್ಟು ತಣ್ಣಗಾದರೂ ಆ ನೀರು ಹೆಪ್ಪುಗಟ್ಟುವುದಿಲ್ಲ. ಅದರೊಳಗೆ ಇಳಿಬಿಟ್ಟ ಲೋಹದ ಡಬ್ಬಿಗಳಲ್ಲಿರುವ ಸಿಹಿನೀರು ಮಾತ್ರ ಗಡ್ಡೆಯಾಗುತ್ತದೆ.

ಏಕೆ ಹೀಗೆ? ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಒಂದಕ್ಕೊಂದು ಹೊಂದಿಕೊಂಡು ಹರಳಿನ ಕಟ್ಟಡ ಕಟ್ಟುತ್ತವೆ. ಆ ಕಟ್ಟಡದಲ್ಲಿ ಉಪ್ಪಿಗೆ ಜಾಗವಿಲ್ಲ. ದ್ರಾವಣದಲ್ಲಿ ಉಪ್ಪಿನ ಕಣಗಳೂ ಸೇರಿರುವುದರಿಂದ ಹರಳನ್ನು ಸೇರಲು ಬರುವ ನೀರಿನ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಹರಳಿನಿಂದ ಕಳಚಿಕೊಳ್ಳುವವುಗಳ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ಎರಡೂ ಸಮವಾಗಬೇಕಾದರೆ ಇನ್ನಷ್ಟು ತಣ್ಣಗಾಗಬೇಕು. ಕಡಲ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೂರು ಗ್ರಾಂ ದ್ರಾವಣದಲ್ಲಿ ಸುಮಾರು 23 ಗ್ರಾಂ ಅಡುಗೆ ಉಪ್ಪಿದ್ದರೆ ಆ ಬಿಂದು ಸೊನ್ನೆಗಿಂತ 21 ಡಿಗ್ರಿ ಕೆಳಕ್ಕೆ ಇಳಿಯುತ್ತದೆ.

ಮೀನಿನ ಮಾಂಸದಲ್ಲಿರುವ ನೀರೂ ಒಂದು ದ್ರಾವಣವೇ. ಅದು ಹೆಪ್ಪುಗಟ್ಟಲು ತೊಡಗುವುದು ಸೊನ್ನೆಗಿಂತ ಸುಮಾರು ಒಂದು ಡಿಗ್ರಿ ಕೆಳಗೆ. ಆದಕಾರಣ ಕರಗುತ್ತಿರುವ ಐಸಿನ ನಡುವೆ ಇಟ್ಟ ಮೀನು ತಂಪಾಗಿರುತ್ತದೆಯೇ ಹೊರತು ಕಲ್ಲಿನಂತೆ ಗಟ್ಟಿಯಾಗುವುದಿಲ್ಲ.

ಕುದಿಯುವ ಪಾತ್ರೆ

ಬೇಳೆ ಬೇಯಿಸುವ ನೀರಿಗೆ ಉಪ್ಪು ಹಾಕಿದರೆ ಅದು ಹೆಚ್ಚು ಬಿಸಿಯಾಗಿ ಬೇಗ ಬೇಯುತ್ತದೆಂದು ಕೆಲವರು ಹೇಳುವುದುಂಟು. ದ್ರಾವಣದ ಕುದಿಬಿಂದು ಏರುವುದು ನಿಜ. ಆದರೆ ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿದರೆ ಏರಿಕೆ ಒಂದು ಡಿಗ್ರಿಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಡಲ ನೀರೇ ಆದರೂ ನೂರಕ್ಕಿಂತ ಅರ್ಧ ಡಿಗ್ರಿಯಷ್ಟು ಮಾತ್ರ ಮೇಲೇರುತ್ತದೆ. ಅಡುಗೆಮನೆಯಲ್ಲಿ ಈ ನಿಯಮ ಕಣ್ಣಿಗೆ ಕಾಣುವುದು ಲಡ್ಡುವಿನ ಪಾಕ ಹಿಡಿಯುವಾಗ. ನೀರು ಆವಿಯಾದಂತೆಲ್ಲ ಸಕ್ಕರೆಯ ಪಾಲು ಹೆಚ್ಚಿ ಕುದಿಯುವ ಉಷ್ಣತೆ ಏರುತ್ತಾ ಹೋಗುತ್ತದೆ. ನೂರು ಗ್ರಾಂ ಪಾಕದಲ್ಲಿ 80 ಗ್ರಾಂ ಸಕ್ಕರೆ ಇರುವ ಹೊತ್ತಿಗೆ ಅದು 110 ಡಿಗ್ರಿಯನ್ನು ದಾಟಿರುತ್ತದೆ. ಪಾಕ ಸಿಡಿದರೆ ಬಿಸಿನೀರಿಗಿಂತ ಕಠಿಣವಾಗಿ ಸುಡುವುದಕ್ಕೆ ಇದೂ ಒಂದು ಕಾರಣ.

ಹಡಗು ಮತ್ತು ಚಂಡಮಾರುತ

ಕರಗಿದ ವಸ್ತುವಿನಿಂದ ಬದಲಾಗುವ ಇನ್ನೊಂದು ಗುಣ ಸಾಂದ್ರತೆ. ಇದು ಕೇವಲ ಎಣಿಕೆಯ ನಿಯಮಕ್ಕೆ ಒಳಪಟ್ಟದ್ದಲ್ಲ. ಕರಗಿದ್ದು ಯಾವ ವಸ್ತು ಎಂಬುದೂ ಇಲ್ಲಿ ಮುಖ್ಯ. ಒಂದು ಲೀಟರ್ ಕಡಲ ನೀರು ಸಿಹಿನೀರಿಗಿಂತ ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. 1933ರಲ್ಲಿ ತೆರೆದ ವಿಶಾಖಪಟ್ಟಣ ಬಂದರಿನಲ್ಲಿ ಸರಕು ತುಂಬಿಕೊಂಡ ಹಡಗು ಹೂಗ್ಲಿ ನದಿಯೊಳಗಿನ ಕೊಲ್ಕತ್ತಾ ಬಂದರಿಗೆ ಹೋದರೆ, ಸರಕು ಹೆಚ್ಚದಿದ್ದರೂ ಅಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಡಗಿನ ಪಕ್ಕದಲ್ಲಿ ಸಿಹಿನೀರಿಗೊಂದು, ಕಡಲ ನೀರಿಗೊಂದು ಎಂದು ಬೇರೆ ಬೇರೆ ಗೆರೆಗಳನ್ನು ಬರೆದಿರುವುದು ಇದಕ್ಕಾಗಿಯೇ.

ಇದೇ ಸಾಂದ್ರತೆಯ ವ್ಯತ್ಯಾಸ ಇಡೀ ಕೊಲ್ಲಿಯ ಸ್ವಭಾವವನ್ನೂ ರೂಪಿಸಿದೆ. 1926ರಲ್ಲಿ ವಿಜಯವಾಡದಲ್ಲಿ ಆರಂಭವಾಗಿ 1930ರಲ್ಲಿ ವಾಲ್ಟೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯದಲ್ಲಿ, 1952-53ರಲ್ಲಿ ಅಮೆರಿಕದ ಸಾಗರ ವಿಜ್ಞಾನಿ ಯೂಜೀನ್ ಲಾಫಾಂಡ್ ಅವರು ಬಂಗಾಳಕೊಲ್ಲಿಯ ನೀರನ್ನು ಕುರಿತ ಅಧ್ಯಯನಕ್ಕೆ ಮಾರ್ಗದರ್ಶನ ನೀಡಿದರು. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆಯರು ತರುವ ಸಿಹಿನೀರಿನಿಂದ ಮಳೆಗಾಲದ ನಂತರ ಕೊಲ್ಲಿಯ ಉತ್ತರ ಭಾಗದ ಮೇಲ್ಪದರದಲ್ಲಿ ಲವಣಾಂಶವು ಕಿಲೋಗೆ 30 ಗ್ರಾಂಗಿಂತಲೂ ಕೆಳಗಿಳಿಯುತ್ತದೆ. ಹಗುರವಾದ ಈ ಪದರ ಕೆಳಗಿನ ಉಪ್ಪುನೀರಿನೊಡನೆ ಸುಲಭವಾಗಿ ಬೆರೆಯದೆ ಮೇಲೆಯೇ ತೇಲುತ್ತದೆ. ಆಳದ ತಣ್ಣೀರು ಮೇಲೆ ಬರಲು ಅಡ್ಡಿಯಾಗುವುದರಿಂದ ಮೇಲ್ಮೈ ಬೆಚ್ಚಗೆ ಉಳಿಯುತ್ತದೆ. ಬಂಗಾಳಕೊಲ್ಲಿಯ ಚಂಡಮಾರುತಗಳಿಗೆ ಬಲ ಒದಗಿಸುವ ಕಾರಣಗಳಲ್ಲಿ ಇದೂ ಒಂದೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದಾಗ ಕಡಲನ್ನೇ ಎದುರಿಗಿಟ್ಟುಕೊಂಡ ವಿಶಾಖಪಟ್ಟಣದ ಜನ ವಿದ್ಯುತ್ತೂ ಕುಡಿಯುವ ನೀರೂ ಇಲ್ಲದೆ ದಿನಗಳನ್ನು ಕಳೆಯಬೇಕಾಯಿತು.

ಉಪ್ಪು ತಿಂದವರ ಬಾಯಾರಿಕೆ

ಸುತ್ತಲೂ ನೀರಿದ್ದು ಕುಡಿಯಲಾಗದಿರುವುದಕ್ಕೆ ಕಾರಣ ಅಭಿಸರಣೆ, ಅಂದರೆ ಇಂಗ್ಲಿಷಿನಲ್ಲಿ ಆಸ್ಮಾಸಿಸ್ ಎನ್ನುವ ಕ್ರಿಯೆ. ನೀರನ್ನು ಬಿಟ್ಟು ಕರಗಿದ ಕಣಗಳನ್ನು ತಡೆಯುವ ತೆಳುಪೊರೆಯ ಒಂದು ಪಕ್ಕ ತೆಳುವಾದ ದ್ರಾವಣ, ಇನ್ನೊಂದು ಪಕ್ಕ ಗಾಢವಾದ ದ್ರಾವಣ ಇದ್ದರೆ, ನೀರು ಗಾಢವಾದ ಕಡೆಗೇ ಸಾಗುತ್ತದೆ. ವಿಜಯವಾಡದ ಮನೆಗಳಲ್ಲಿ ಬೇಸಿಗೆಯಲ್ಲಿ ಆವಕಾಯಿ ಹಾಕುವಾಗ, ಉಪ್ಪು ಬಿದ್ದ ಮಾವಿನ ಹೋಳುಗಳು ಒಂದೆರಡು ದಿನಗಳಲ್ಲಿ ತಾವಾಗಿಯೇ ನೀರು ಬಿಡುವುದು ಇದರಿಂದಲೇ. ಅಂಥ ಉಪ್ಪಿನಲ್ಲಿ ಸೂಕ್ಷ್ಮಜೀವಿಗಳೂ ನೀರು ಕಳೆದುಕೊಳ್ಳುವುದರಿಂದ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ.

ಕರಗಿದ ಕಣಗಳ ಎಣಿಕೆಯನ್ನು ವೈದ್ಯರು ಮಿಲಿಆಸ್ಮೋಲ್ ಎಂಬ ಮಾನದಿಂದ ಅಳೆಯುತ್ತಾರೆ. ನಮ್ಮ ರಕ್ತದಲ್ಲಿ ಅದು ಲೀಟರಿಗೆ 275ರಿಂದ 295. ಕಡಲ ನೀರಿನಲ್ಲಿ ಸಾವಿರಕ್ಕೂ ಮೇಲೆ. ಆದ್ದರಿಂದ ಕಡಲ ನೀರು ಕುಡಿದರೆ ಒಳಗೆ ಬಂದ ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ದೇಹ ವ್ಯಯ ಮಾಡಬೇಕಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆಯಲ್ಲಿ ನೀತಿಯ ಜೊತೆಗೆ ಶರೀರಶಾಸ್ತ್ರವೂ ಇದೆ!

ಒಂದು ಪೊಟ್ಟಣ, ಒಂದು ಲೀಟರ್

ಇದೇ ನಿಯಮವನ್ನು ಅಳತೆಯರಿತು ಬಳಸಿದರೆ ಜೀವ ಉಳಿಯುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿದರು. ಶೇಕಡ 20ರಿಂದ 30ರಷ್ಟಿದ್ದ ಮರಣ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಸಣ್ಣಕರುಳಿನಲ್ಲಿ ಗ್ಲೂಕೋಸು ಸೋಡಿಯಮ್ಮನ್ನು ಜೊತೆಗೂಡಿಸಿಕೊಂಡು ಒಳಗೆ ಹೋಗುತ್ತದೆ. ಅವುಗಳ ಹಿಂದೆಯೇ ಅಭಿಸರಣೆಯಿಂದ ನೀರೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಅದರ ಸಾಂದ್ರತೆಯನ್ನು 311 ಮಿಲಿಆಸ್ಮೋಲಿನಿಂದ 245ಕ್ಕೆ ಇಳಿಸಿತು. ರಕ್ತಕ್ಕಿಂತ ತೆಳುವಾಗಿದ್ದರೆ ನೀರು ಇನ್ನೂ ಸರಾಗವಾಗಿ ಒಳಸೇರುತ್ತದೆ ಎಂಬುದೇ ಇದರ ಹಿಂದಿನ ವಿಚಾರ.

ವಿಜಯವಾಡದ ಒಂದು ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ, ಭೇದಿಯಿಂದ ಬಳಲುತ್ತಿದ್ದ ಮೊಮ್ಮಗನಿಗಾಗಿ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೋಟ ನೀರಿಗೆ ಸುರಿದು ಕಲಕುತ್ತಿದ್ದರು. "ಗಟ್ಟಿಯಾಗಿದ್ದರೆ ಬೇಗ ಶಕ್ತಿ ಬರುತ್ತದಲ್ಲವೇ ಬಾಬೂ?" ಎಂಬುದು ಅವರ ನಂಬಿಕೆ. ಮಗು ಎರಡು ಗುಟುಕು ಕುಡಿದು ಮುಖ ಹಿಂಡಿತು. ಅಷ್ಟರಲ್ಲಿ ಮಗುವಿನ ತಾಯಿ ಬಂದು ಅದನ್ನು ಚೆಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಹೊಸ ಪೊಟ್ಟಣ ಕರಗಿಸಿದರು. ಆಗ ನನಗೆ ಅದರ ಗಂಭೀರತೆ ತಿಳಿಯಲಿಲ್ಲ. ಮುಂದೊಮ್ಮೆ ಲೆಕ್ಕ ಹಾಕಿ ನೋಡಿದೆ: 200 ಮಿಲಿಲೀಟರ್ ಲೋಟದಲ್ಲಿ ಆ ಪೊಟ್ಟಣ ಕರಗಿದರೆ 245ರ ಐದು ಪಟ್ಟು, ಅಂದರೆ 1,200ಕ್ಕೂ ಹೆಚ್ಚು! ಕಣಗಳ ಎಣಿಕೆಯಲ್ಲಿ ಆ ಲೋಟ ಕಡಲ ನೀರಿಗೆ ಸಮನಾಗಿತ್ತು. ಒಣಗಿದ ದೇಹಕ್ಕೆ ನೀರು ಕೊಡುವ ಬದಲು ಇದ್ದ ನೀರನ್ನೂ ಕರುಳಿಗೆ ಸೆಳೆಯುವ ಔಷಧ ಅದಾಗುತ್ತಿತ್ತು.

ಆದ್ದರಿಂದ ಪೊಟ್ಟಣದ ಮೇಲೆ ಬರೆದಿರುವ ನೀರಿನ ಅಳತೆಯನ್ನು ಓದದೆ ಕಲಸಬಾರದು. ಲೀಟರಿನ ಪೊಟ್ಟಣವೂ ಇದೆ, 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಇದೆ. ಸಕ್ಕರೆ ಹೆಚ್ಚಿರುವ ಪಾನೀಯಗಳನ್ನು ಓಆರ್‌ಎಸ್ ಎಂದು ತಿಳಿದು ಮಕ್ಕಳಿಗೆ ಕೊಡಬಾರದು. ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದಂಥ ದಿನಗಳಲ್ಲಿ ಈ ತಿಳಿವಳಿಕೆ ಪ್ರತಿ ಮನೆಯಲ್ಲಿಯೂ ಇರಬೇಕಾದದ್ದು.

ಬ್ಯಾಂಕಿನವರಿಗೆ ಎಣಿಕೆ ತಪ್ಪಿದರೆ ಸಂಜೆ ಲೆಕ್ಕ ಕೂಡುವುದಿಲ್ಲ; ಹುಡುಕಿ ಸರಿಪಡಿಸಲು ಮರುದಿನವೂ ಉಂಟು. ಮಗುವಿನ ಲೋಟದಲ್ಲಿ ಎಣಿಕೆ ತಪ್ಪಿದರೆ ಅಷ್ಟು ಸಮಯ ಸಿಗುವುದೆಂಬ ಭರವಸೆಯಿಲ್ಲ. ಉಪ್ಪನ್ನು ಅಳೆಯುವಷ್ಟೇ ಜಾಗರೂಕತೆಯಿಂದ ನೀರನ್ನೂ ಅಳೆಯೋಣ.