ಪ್ರೋಟೆಜೆ ತಂತ್ರಾಂಶದಲ್ಲಿ ಆಂಟಾಲಜಿ ರಚನೆ

ಒಂದು ವಿಷಯದಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಅವಕ್ಕೆ ಪರಸ್ಪರ ಏನು ಸಂಬಂಧ ಎಂಬುದನ್ನು ಕಂಪ್ಯೂಟರ್ ತರ್ಕಿಸಬಲ್ಲಂತೆ ಬರೆದಿಟ್ಟ ನಿರೂಪಣೆಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಆಂಟಾಲಜಿ ಎನ್ನುತ್ತಾರೆ. ಇದನ್ನು ಕಟ್ಟಲು ಹೆಚ್ಚು ಬಳಕೆಯಲ್ಲಿರುವ ಉಚಿತ, ಮುಕ್ತ ತಂತ್ರಾಂಶ ಪ್ರೋಟೆಜೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಮ್ಯೂಸೆನ್ 1980ರ ದಶಕದಲ್ಲಿ ವೈದ್ಯಕೀಯ ಬಳಕೆಗೆಂದು ಇದನ್ನು ಆರಂಭಿಸಿದರು. ಈಗ ಇದರಲ್ಲಿ ಬಳಸುವ ಔಲ್ ಭಾಷೆಗೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2004ರಲ್ಲಿ ಮಾನ್ಯತೆ ನೀಡಿತು. ಔಲ್ 2 ಬಂದದ್ದು 2009ರಲ್ಲಿ.

ಹೊಸಬರ ಮೊದಲ ಪಾಠ ಸಾಮಾನ್ಯವಾಗಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ರೂಪಿಸಿದ ಪಿಜ್ಜಾ ಆಂಟಾಲಜಿ. ಪಿಜ್ಜಾ, ಟಾಪಿಂಗ್, ಚೀಸ್ ಟಾಪಿಂಗ್, ತರಕಾರಿ ಟಾಪಿಂಗ್ ಎಂದು ವರ್ಗ, ಉಪವರ್ಗಗಳನ್ನು ಮಾಡಿ, ‘ಟಾಪಿಂಗ್ ಹೊಂದಿದೆ’ ಎಂಬ ಸಂಬಂಧದಿಂದ ಅವನ್ನು ಜೋಡಿಸುತ್ತಾರೆ. ಎರಡು ವರ್ಗಗಳು ಬೇರೆ ಬೇರೆ ಎಂದು ನಾವೇ ಘೋಷಿಸಬೇಕು. ಹೇಳದಿದ್ದರೆ ಒಂದೇ ವಸ್ತು ಚೀಸೂ ಆಗಬಹುದು, ತರಕಾರಿಯೂ ಆಗಬಹುದು ಎಂದೇ ತಂತ್ರಾಂಶ ಭಾವಿಸುತ್ತದೆ. ಘೋಷಿಸಿದ ಮೇಲೆ ಎರಡಕ್ಕೂ ಸೇರಿದ ಉಪವರ್ಗವೊಂದನ್ನು ಮಾಡಿ ಹರ್ಮಿಟ್‌ನಂಥ ತರ್ಕಯಂತ್ರವನ್ನು ಓಡಿಸಿದರೆ ಆ ವರ್ಗ ಕೆಂಪಾಗುತ್ತದೆ. ಅದರಲ್ಲಿ ಯಾವ ವಸ್ತುವೂ ಇರಲಾರದು ಎಂದು ಅದರ ಅರ್ಥ.

ಕಲಿಯುವವರು ಎಡವುವುದು ‘ತೆರೆದ ಜಗತ್ತು’ ಎಂಬ ತತ್ತ್ವದಲ್ಲಿ. ದತ್ತಸಂಚಯದಲ್ಲಿ ದಾಖಲಾಗದ್ದನ್ನು ಸಾಮಾನ್ಯವಾಗಿ ಇಲ್ಲವೆಂದೇ ಎಣಿಸುತ್ತೇವೆ. ಔಲ್‌ನಲ್ಲಿ ಹೇಳದೆ ಉಳಿದದ್ದು ಸುಳ್ಳಲ್ಲ, ಇನ್ನೂ ತಿಳಿಯದ್ದು, ಅಷ್ಟೆ. ಮಾರ್ಗರಿಟಾ ಪಿಜ್ಜಾದ ಮೇಲೆ ಮೊಝರೆಲ್ಲಾ ಇದೆ, ಟೊಮೆಟೊ ಇದೆ ಎಂದು ಬರೆದು, ಟಾಪಿಂಗ್‌ಗಳೆಲ್ಲ ಚೀಸ್ ಅಥವಾ ತರಕಾರಿಯೇ ಆಗಿರುವ ಪಿಜ್ಜಾ ಸಸ್ಯಾಹಾರಿ ಎಂದು ವ್ಯಾಖ್ಯಾನಿಸಿದರೂ ತರ್ಕಯಂತ್ರ ಮಾರ್ಗರಿಟಾವನ್ನು ಸಸ್ಯಾಹಾರಿ ಎನ್ನುವುದಿಲ್ಲ. ಮೇಲೆ ಮಾಂಸವೂ ಇರಬಹುದಲ್ಲ! ‘ಈ ಎರಡರ ಹೊರತು ಬೇರೆ ಟಾಪಿಂಗ್ ಇಲ್ಲ’ ಎಂಬ ಮುಚ್ಚುವ ಹೇಳಿಕೆ ಸೇರಿಸಿದ ಮೇಲೆಯೇ ಅದು ಒಪ್ಪುತ್ತದೆ. ಈ ಅಭ್ಯಾಸವನ್ನು ಪ್ರತಿಯೊಬ್ಬರೂ ಸ್ವತಃ ಮಾಡಿ ನೋಡಲೇಬೇಕು. ಔಲ್‌ನ ಸ್ವಭಾವ ಇದರಲ್ಲಿ ಅರ್ಥವಾದಷ್ಟು ಬೇರೆಲ್ಲೂ ಆಗದು.

ಸಂಬಂಧದ ಕ್ಷೇತ್ರ, ಅಂದರೆ ಅದು ಯಾವ ವರ್ಗದ ವಸ್ತುಗಳಿಗೆ ಅನ್ವಯಿಸುತ್ತದೆ ಎಂಬುದರ ನಿಗದಿಯೂ ಇಂಥದೇ ತೊಡಕು ತರುತ್ತದೆ. ‘ಟಾಪಿಂಗ್ ಹೊಂದಿದೆ’ ಎಂಬುದರ ಕ್ಷೇತ್ರ ಪಿಜ್ಜಾ ಎಂದಿಟ್ಟು ಐಸ್‌ಕ್ರೀಮಿಗೂ ಟಾಪಿಂಗ್ ಕೊಟ್ಟರೆ ತಂತ್ರಾಂಶ ತಡೆಯುವುದಿಲ್ಲ, ಐಸ್‌ಕ್ರೀಮೂ ಪಿಜ್ಜಾ ಎಂದು ತೀರ್ಮಾನಿಸುತ್ತದೆ.

ನತಾಲ್ಯಾ ನಾಯ್ ಮತ್ತು ಡೆಬೊರಾ ಮ್ಯಾಕ್‌ಗಿನ್ನೆಸ್ 2001ರಲ್ಲಿ ಬರೆದ ಕೈಪಿಡಿ, ಆಂಟಾಲಜಿ ಯಾವ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಮೊದಲೇ ಪಟ್ಟಿಮಾಡಿಕೊಳ್ಳಲು ಹೇಳುತ್ತದೆ. ಹಲವರು ಕೂಡಿ ಕೆಲಸ ಮಾಡಲು ವೆಬ್‌ಪ್ರೋಟೆಜೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಪರಿಷ್ಕರಣೆಯನ್ನು ರೂಪಿಸುವಾಗ ಅದನ್ನೇ ಆಧರಿಸಿದ ಸಾಧನವನ್ನು ಬಳಸಿತು.