ಲಾಳ ಕಟ್ಟಿದವನಿಗೆ ಕೊಡತಕ್ಕುದು

ಕುದುರೆಗೆ ಲಾಳ ಕಟ್ಟಿದವನಿಗೆ ಒಪ್ಪಿದ ಕೂಲಿಯನ್ನು ಎಣಿಸಿಕೊಟ್ಟ ಬಳಿಕ, ಅದರ ಮೇಲೆ ಇನ್ನಷ್ಟನ್ನು ಸಂತೋಷಕ್ಕೆಂದು ಕೊಡುವುದು ಯಜಮಾನನಾದವನ ಧರ್ಮವೋ, ದಾಕ್ಷಿಣ್ಯವೋ, ಬರಿಯ ದೊಡ್ಡಸ್ತಿಕೆಯ ಪ್ರದರ್ಶನವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಇಂದು ಕುದುರೆ ಇಟ್ಟುಕೊಂಡಿರುವವರು ಬಹುಮಟ್ಟಿಗೆ ಹವ್ಯಾಸದಿಂದ ಸಾಕುವವರು. ಆಡಿ ಮಾಸದಲ್ಲಿ ಅಂತಿಯೂರಿನ ಗುರುನಾಥಸ್ವಾಮಿಯ ಜಾತ್ರೆಗೆ ಹೋಗಿ, ಮಾರವಾಡಿ ತಳಿಯದನ್ನೋ ಕಾಠಿಯಾವಾಡಿ ತಳಿಯದನ್ನೋ ಕಂಡು ಮನಸೋತು ಕೊಂಡುತಂದವರು. ಅವರ ಪಾಲಿಗೆ ಇದು ಶಿಷ್ಟಾಚಾರದ ಪ್ರಶ್ನೆ. ಆದರೆ ಈ ಜಿಲ್ಲೆಗಳನ್ನೊಳಗೊಂಡ ಕೊಂಗುನಾಡಿನ ಹಳೆಯ ವ್ಯವಹಾರವನ್ನು ಸ್ವಲ್ಪ ಕೆದಕಿ ನೋಡಿದರೆ, ಮೇಲೆ ಕೊಡುವ ಈ ಕಾಸು ಕೊಡುವವನ ಔದಾರ್ಯವೊಂದರಿಂದಲೇ ಹುಟ್ಟಿದುದಲ್ಲವೆಂದೂ, ಕೂಲಿಯನ್ನು ಗೊತ್ತುಮಾಡುವವರು ಯಾರು ಎಂಬುದನ್ನು ಅನುಸರಿಸಿ ಅದು ಹುಟ್ಟುತ್ತಲೂ ಅಳಿಯುತ್ತಲೂ ಬಂದಿತೆಂದೂ ನನಗೆ ತೋರುತ್ತದೆ.

ಲಾಳ ಕಟ್ಟುವವನೇ ಇಲ್ಲದ ಕಾಲವೊಂದು ಇದ್ದಿತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಯ ಅರಸನು ಹೋರ್ಮುಜ್, ಏಡನ್ ಮೊದಲಾದ ರೇವುಗಳಿಂದ ವರ್ಷಕ್ಕೆ 2000ಕ್ಕೂ ಮಿಕ್ಕು ಕುದುರೆಗಳನ್ನು ಚಿನ್ನ ಸುರಿದು ಕೊಳ್ಳುತ್ತಿದ್ದನೆಂದೂ, ವರ್ಷ ತುಂಬುವುದರೊಳಗೆ ಅವುಗಳಲ್ಲಿ 100 ಉಳಿದರೆ ಹೆಚ್ಚೆಂದೂ ಬರೆದಿಟ್ಟಿದ್ದಾನೆ. ಇದಕ್ಕೆ ಅವನು ಕೊಡುವ ಕಾರಣ ಸ್ವಾರಸ್ಯವಾದುದು: ಕುದುರೆಯ ಆರೈಕೆಯನ್ನು ಬಲ್ಲವರು ಆ ನಾಡಿನಲ್ಲಿ ಇರಲಿಲ್ಲ, ಮಾರುವ ವರ್ತಕರಾದರೋ ಅಂಥವರು ಯಾರೂ ಅತ್ತ ಸುಳಿಯದಂತೆ ನೋಡಿಕೊಳ್ಳುತ್ತಿದ್ದರು, ಕುದುರೆ ಸತ್ತಷ್ಟೂ ವ್ಯಾಪಾರ ಬೆಳೆಯುವುದಲ್ಲವೆ! ದೂರದೇಶದವನ ಮಾತಿನಲ್ಲಿ ಅತಿಶಯೋಕ್ತಿ ಇರಬಹುದಾದರೂ, ಗೊರಸನ್ನು ಬಲ್ಲ ಒಬ್ಬನಿಗೆ ಎಷ್ಟು ಬೆಲೆಯಿತ್ತೆಂಬುದು ಅವನು ಇಲ್ಲದೆ ಆದ ನಷ್ಟದಿಂದಲೇ ತಿಳಿಯುತ್ತದೆ. ಕನ್ನಡದಲ್ಲಿ ಅಭಿನವಚಂದ್ರನು ಅಶ್ವಶಾಸ್ತ್ರವನ್ನು ಬರೆದುದು ಇದಾದ ನೂರು ವರ್ಷಗಳ ಆಸುಪಾಸಿನಲ್ಲಿ.

ಕೊಂಗುನಾಡಿಗೆ ಕುದುರೆಗಳ ಕಾಲಸಪ್ಪಳ ನಿಜವಾಗಿ ಕೇಳಿಬಂದುದು ಅದು ಮೈಸೂರಿನ ಗಡಿಸೀಮೆಯಾದ ಮೇಲೆ. ಹದಿನೇಳನೆಯ ಶತಮಾನದಲ್ಲಿ ಒಡೆಯರ ದಂಡು ಗಜಲಹಟ್ಟಿಯ ಕಣಿವೆಯಿಂದ ಇಳಿದಂದಿನಿಂದ 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೂ ಕೊಯಮತ್ತೂರು ಕೈಯಿಂದ ಕೈಗೆ ಹೋಗುತ್ತಲೇ ಇದ್ದಿತು: 1768ರಲ್ಲಿ ಇಂಗ್ಲಿಷರು ಹಿಡಿದರು, ಹೈದರನು ಮರಳಿ ಪಡೆದನು, 1783ರಲ್ಲಿ ಇಂಗ್ಲಿಷರ ಸೇನಾನಿ ಫುಲ್ಲರ್ಟನ್ ಬಂದನು, 1790ರ ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಳಿ ಇಂಗ್ಲಿಷರ ಕಡೆಯ ಫ್ಲಾಯ್ಡನ ರಾವುತರಿಗೂ ಟಿಪ್ಪುವಿನ ಸೈನ್ಯಕ್ಕೂ ಕಾಳಗವಾಯಿತು, 1791ರಲ್ಲಿ ಕೋಟೆ ಮತ್ತೆ ಟಿಪ್ಪುವಿನ ವಶವಾಯಿತು. ಅಂತಿಯೂರಿನ ಕುದುರೆ ಜಾತ್ರೆಯನ್ನು ಜನ ಇಂದಿಗೂ ಟಿಪ್ಪುವಿನ ಲಾಯದೊಂದಿಗೆ ಸೇರಿಸಿಯೇ ಹೇಳುತ್ತಾರೆ. ಅಂದಿನ ಸೈನ್ಯದಲ್ಲಿ ರಾವುತರು ಎರಡು ತೆರನಾಗಿದ್ದರು. ಸರ್ಕಾರದ ಕುದುರೆಯನ್ನೇರುವವನು ಒಬ್ಬ. ತನ್ನ ಕುದುರೆಯನ್ನೇ ತಂದು ತನಗೂ ಅದಕ್ಕೂ ಸೇರಿಸಿ ಸಂಬಳ ಪಡೆಯುವ ಸಿಲಾದಾರನು ಇನ್ನೊಬ್ಬ. ಲಾಳ ಕಟ್ಟುವ ನಾಲಬಂದನು ಸರ್ಕಾರದ ಸಂಬಳದವನಾದಾಗ ಅವನ ಕೂಲಿಯನ್ನು ಗೊತ್ತುಮಾಡುವುದು ಲಾಯದ ದಫ್ತರ. ರಾವುತನಿಗೂ ಅವನಿಗೂ ಲೆಕ್ಕದ ಸಂಬಂಧವಿಲ್ಲ. ಆದರೆ ಬೆಳಗಾದರೆ ಕಣಿವೆಯ ಕಲ್ಲುದಾರಿಯನ್ನು ಹತ್ತಬೇಕಾದವನು ತನ್ನ ಕುದುರೆಯ ಸರದಿ ಮೊದಲು ಬರಲೆಂದು ರಾತ್ರಿಯೇ ನಾಲಬಂದನ ಕೈಗೆ ಒಂದು ಹಣವನ್ನು ಇಟ್ಟಿರಲಾರನೆಂದು ನಂಬುವಷ್ಟು ಮುಗ್ಧತೆ ನನ್ನಲ್ಲಿಲ್ಲ. ಅದನ್ನು ಇನಾಮು ಎನ್ನಬೇಕೋ ಲಂಚ ಎನ್ನಬೇಕೋ ಓದುಗರೇ ನಿರ್ಣಯಿಸಲಿ.

ದಂಡಿನ ಹೊರಗೆ, ಗ್ರಾಮಗಳಲ್ಲಿ, ವ್ಯವಹಾರದ ರೀತಿಯೇ ಬೇರೆಯಾಗಿದ್ದಿತು. 1800ರಲ್ಲಿ ಮದರಾಸಿನಿಂದ ಹೊರಟು ಕೊಯಮತ್ತೂರು ಸೀಮೆಯನ್ನೂ ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಕಡೆ ಕಣದಲ್ಲಿ ರಾಶಿಯನ್ನು ಹಂಚುವ ಕ್ರಮವನ್ನು ವಿವರವಾಗಿ ಬರೆದಿದ್ದಾನೆ: ಸರ್ಕಾರದ ಪಾಲನ್ನೂ ಒಕ್ಕಲಿನ ಪಾಲನ್ನೂ ಅಳೆಯುವುದಕ್ಕೆ ಮೊದಲೇ ಕಮ್ಮಾರ, ಬಡಗಿ, ಅಗಸ, ತಳವಾರ ಮೊದಲಾದ ಗ್ರಾಮದ ಆಯಗಾರರಿಗೆ ಸಲ್ಲತಕ್ಕುದು ಸಂದುಹೋಗುತ್ತಿದ್ದಿತು. ಕೊಂಗಿನಲ್ಲಿಯೂ ಕಮ್ಮಾರನಾದ ಆಸಾರಿಗೆ ವರ್ಷದ ಧಾನ್ಯ ಕಣದಲ್ಲಿಯೇ. ನೇಗಿಲಿನ ಗುಳವನ್ನು ಎಷ್ಟು ಸಲ ತಟ್ಟಿಸಿಕೊಂಡರೂ ಆಗ ಕಾಸಿನ ಮಾತಿಲ್ಲ. ಆದರೆ ಪೊಂಗಲ್ ಹಬ್ಬಕ್ಕೆ ಅಕ್ಕಿ ಬೆಲ್ಲ, ದೀಪಾವಳಿಗೆ ವೇಷ್ಟಿ, ಆಯುಧಪೂಜೆಗೆ ಪುರಿ ಕಡಲೆ ತೆಂಗಿನಕಾಯಿ ಎಂದು ಒಂದಲ್ಲ ಒಂದು ಬರುತ್ತಿದ್ದಿತು. ಇದನ್ನು ದಾನವೆಂದು ಬಗೆದವನು ವ್ಯವಸ್ಥೆಯನ್ನು ಅರಿಯದವನು. ಕೊಡದಿದ್ದರೆ ಆಸಾರಿಯು ಬಾಗಿಲಿಗೆ ಬಂದು ಕೇಳುವನು, ಕೇಳುವುದಕ್ಕೆ ಅವನಿಗೆ ಹಕ್ಕುಂಟು. ಕೊಯಮತ್ತೂರಿನ ಕನ್ನಡ ಮಾತಿನ ದೇವಾಂಗರ ಮನೆಗಳಲ್ಲಿಯೂ, ಉಡುಮಲಪೇಟೆಯ ಕಡೆಯ ಅನುಪ್ಪರ ಹಟ್ಟಿಗಳಲ್ಲಿಯೂ ಇನಾಮು ಎಂಬುದಕ್ಕೆ ಹಬ್ಬದ ದಿನದ ಈ ಅರ್ಥವೇ ಮೊದಲು ನೆನಪಿಗೆ ಬರುವುದು.

ಆದರೆ ಲಾಳ ಕಟ್ಟುವವನು ಈ ಆಯಗಾರರ ಪಂಕ್ತಿಯಲ್ಲಿ ಕುಳಿತವನಲ್ಲ, ಮತ್ತು ಅದಕ್ಕೆ ಕಾರಣ ನೆಲದಲ್ಲಿಯೇ ಇದೆ. ಹೊಲದ ಮಣ್ಣಿನಲ್ಲಿ ಉಳುವ ಎತ್ತಿಗೆ ಲಾಳ ಬೇಡ. ಬಾವಿಯ ಇಳಿಜಾರಿನಲ್ಲಿ ಕಪಿಲೆ ಎಳೆಯುವ ಎತ್ತಿಗೂ ಬಹುಶಃ ಬೇಡ. ಅದು ಬೇಕಾಗುವುದು ಕಲ್ಲು ಹಾಸಿದ ದಾರಿಗೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದೀಚೆಗೆ ಜಲ್ಲಿ ಹಾಕಿದ ರಸ್ತೆಗಳು ಹಬ್ಬಿದುವು. 1862ರಲ್ಲಿ ಮದರಾಸಿನ ರೈಲು ತಿರುಪ್ಪೂರು, ಪೋದನೂರುಗಳ ಮೂಲಕ ಬೇಪೂರನ್ನು ಮುಟ್ಟಿತು. 1888ರಲ್ಲಿ ಕೊಯಮತ್ತೂರಿನಲ್ಲಿ ಸ್ಟೇನ್ಸನ ನೂಲಿನ ಗಿರಣಿ ಎದ್ದಿತು. ರೈಲು ಬಂದರೆ ಗಾಡಿ ಅಳಿಯುವುದೆಂದು ನಾವು ಊಹಿಸುತ್ತೇವೆ; ನಡೆದುದು ವಿಪರೀತ. ಹತ್ತಿಯನ್ನು ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ನಿಲ್ದಾಣಕ್ಕೆ ಹೊರುವುದಕ್ಕೆ ಎತ್ತಿನ ಗಾಡಿಯೇ ಬೇಕಾಯಿತು, ಗಾಡಿಯೆತ್ತಿನ ಗೊರಸು ಜಲ್ಲಿಯ ಮೇಲೆ ಸವೆಯತೊಡಗಿತು, ಮತ್ತು ಊರಿನ ಅಂಚಿನ ಗಾಡಿಪೇಟೆಗಳಲ್ಲಿ, ಸಂತೆಗಳಲ್ಲಿ, ಹುಣಿಸೆಯ ಮರದ ಅಡಿಯಲ್ಲಿ ಲಾಳದವನು ತನ್ನ ಗೋಣಿಚೀಲವನ್ನು ಬಿಚ್ಚಿ ಕುಳಿತನು.

ಅವನ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಕುದುರೆಯು ನಿಂತೇ ಕಾಲನ್ನು ಕೊಡುತ್ತದೆ, ಎತ್ತು ಕೊಡುವುದಿಲ್ಲ. ಆದುದರಿಂದ ಅದರ ಮೈಗೆ ಹಗ್ಗವನ್ನು ಸುತ್ತಿ ಎಳೆದು, ಪಕ್ಕಕ್ಕೆ ಮೆಲ್ಲನೆ ಕೆಡವಿ, ನಾಲ್ಕು ಕಾಲುಗಳನ್ನೂ ಕೂಡಿಸಿ ಬಿಗಿದು ಕವೆಗೋಲಿಗೆ ಆನಿಸುತ್ತಾರೆ. ಕೈಯಾಳು ಕೊಂಬನ್ನು ಒತ್ತಿ ಹಿಡಿದು ಕುತ್ತಿಗೆಯ ಬಳಿ ಕೂರುತ್ತಾನೆ. ಬಾಗುಗತ್ತಿಯಿಂದ ಗೊರಸಿನ ತಳವನ್ನು ಸಮವಾಗಿ ಹೆರೆದು, ತೆಳುವಾದ ಕಬ್ಬಿಣದ ಹಲ್ಲೆಯನ್ನು ಅದಕ್ಕಿಟ್ಟು ನೋಡಿ, ಕಾಯಿಸದೆಯೇ ಅಡಿಗಲ್ಲಿನ ಮೇಲೆ ತಟ್ಟಿ ಹೊಂದಿಸುತ್ತಾನೆ. ಎತ್ತಿನ ಗೊರಸು ಸೀಳಿದುದಾದ್ದರಿಂದ ಕಾಲಿಗೆ ಎರಡು ಹಲ್ಲೆ, ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಮೊಳೆಯು ಓರೆಯಾಗಿ ಹೊಕ್ಕು ಗೊರಸಿನ ಹೊರಗೋಡೆಯಿಂದ ಹೊರಬರಬೇಕು. ಬಂದ ತುದಿಯನ್ನು ಮುರಿದು ಮಡಿಚಿ ಅರದಿಂದ ಉಜ್ಜುತ್ತಾನೆ. ಕೂದಲೆಳೆಯಷ್ಟು ಒಳಕ್ಕೆ ಸರಿದರೆ ಮೊಳೆ ಜೀವವಿರುವ ಮಾಂಸವನ್ನು ಹೊಗುತ್ತದೆ. ಸುತ್ತಿಗೆಯ ಸದ್ದು ಬದಲಾದುದರಿಂದಲೇ ಬಲ್ಲವನು ಅದನ್ನು ತಿಳಿದು ಮೊಳೆಯನ್ನು ಕಿತ್ತುಬಿಡುತ್ತಾನೆ, ಅರಿಯದವನು ಹೊಡೆದು ಮುಗಿಸುತ್ತಾನೆ, ಮತ್ತು ಮೂರನೆಯ ದಿನ ಎತ್ತು ಕುಂಟುತ್ತದೆ. ಈ ಒಂದು ಸದ್ದಿನ ವಿವೇಕಕ್ಕೆ ಪ್ರತ್ಯೇಕವಾಗಿ ಬೆಲೆ ಕಟ್ಟಿದವರಿಲ್ಲ. ಬೆಲೆಯೆಲ್ಲ ಕಬ್ಬಿಣಕ್ಕೂ ಮೊಳೆಗೂ ಸಂದಂತೆ ಲೆಕ್ಕ.

"ಭಾಯಿ, ಜೋಡಿಗೆ ಎಷ್ಟು?" ಎಂದು ಗಾಡಿಯವನು ಕೇಳುವನು, ಈ ಕಸುಬಿನವರಲ್ಲಿ ಮುಸಲ್ಮಾನರು ಅನೇಕರು, ಕರ್ನಾಟಕದಲ್ಲಿ ನಾಲಬಂದ್ ಎಂಬುದು ಒಂದು ಸಮುದಾಯದ ಹೆಸರೇ ಆಗಿದೆ. ಭಾಯಿ ಒಂದು ಮಾತನ್ನು ಹೇಳುವನು, ಇವನು ಅದರ ಮುಕ್ಕಾಲನ್ನು ಹೇಳುವನು, ನಡುವೆ ಎಲ್ಲಿಯೋ ಒಪ್ಪಂದವಾಗುವುದು. ತಿರುಪ್ಪೂರು ಜಿಲ್ಲೆಯ ವೆಳ್ಳಕೋವಿಲಿನ ಬಳಿ ಕಣ್ಣಪುರದ ಮಾರಿಯಮ್ಮನ ಜಾತ್ರೆಗೆ ಚಿತ್ತಿರೈ ಮಾಸದಲ್ಲಿ ಕಾಂಗೇಯಂ ತಳಿಯ ದನಗಳು ಕೂಡುತ್ತವೆ. ಪಳೆಯಕೋಟೆಯ ಪಟ್ಟಗಾರರ ಮನೆತನ ಜೋಪಾನವಾಗಿ ಕಾಪಾಡಿಕೊಂಡುಬಂದ ತಳಿ ಅದು, ಗಿಡ್ಡ ಕಾಲು, ಗಟ್ಟಿ ಗೊರಸು, ಭಾರ ಎಳೆಯುವುದರಲ್ಲಿ ಹೆಸರುವಾಸಿ. ಅಂಥ ಜಾತ್ರೆಗಳಲ್ಲಿ ದನದ ಬೆಲೆಯನ್ನು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಕುದುರಿಸುವುದು ರೂಢಿ. ಲಾಳದ ಬೆಲೆಯಾದರೋ ಹತ್ತು ಜನರ ಕಿವಿಗೆ ಬೀಳುವಂತೆ ಗಟ್ಟಿಯಾಗಿ ನಡೆಯುವ ವ್ಯಾಪಾರ. ಗಟ್ಟಿಯಾಗಿ ಚೌಕಾಸಿ ಮಾಡಿ ಇಳಿಸಿದವನೇ, ಹೊಸ ಜೋಡಿ ಎದ್ದು ನಿಂತು ಕುಂಟದೆ ನಾಲ್ಕು ಹೆಜ್ಜೆ ಇಟ್ಟುದನ್ನು ಕಂಡು ಹಿಗ್ಗಿ, ಇಳಿಸಿದ ಕಾಸನ್ನು "ಟೀ ಕುಡಿ" ಎಂದು ಮರಳಿ ಕೊಡುವನು. ಇಲ್ಲಿ ಔದಾರ್ಯವೆಷ್ಟು, ಕೊರೆಯಾದ ಕೂಲಿಯ ಭರ್ತಿಯೆಷ್ಟು? ಚೌಕಾಸಿಯಲ್ಲಿ ಗೆದ್ದ ಮರ್ಯಾದೆಯೂ ಬೇಕು, ಕೊಡುಗೈಯವನೆಂಬ ಹೆಸರೂ ಬೇಕು. ಒಂದೇ ಕಾಸಿನಲ್ಲಿ ಎರಡನ್ನೂ ಕೊಂಡುಕೊಳ್ಳುವ ಜಾಣತನ ನಮ್ಮ ಜನಕ್ಕೆ ಸಹಜವಾದುದು.

ಪೇಟೆಯ ಜಟಕಾದವರ ಸಂಗತಿ ಇದಕ್ಕಿಂತ ಒಣಗಿದುದು. ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನಿಂದ ಬಾಡಿಗೆಯ ಮೇಲೆ ಎರಡು ಕಾಸು ಹೆಚ್ಚು ಕೇಳಿ ಪಡೆಯುತ್ತಿದ್ದವನು, ತನ್ನ ತಟ್ಟುವಿಗೆ ಲಾಳ ಕಟ್ಟಿದವನಿಗೆ ಹೆಚ್ಚು ಕೊಡುವುದಿರಲಿ, ಕೊಡತಕ್ಕುದನ್ನೇ ಮುಂದಿನ ಸಲಕ್ಕೆ ತಳ್ಳುವುದು ಸಾಮಾನ್ಯವಾಗಿದ್ದಿತು. ಬಡವನಿಗೆ ಬಡವನು ಸಾಲಗಾರ.

ಪರದೇಶದಲ್ಲಿಯೂ ಇಂಥದೇ ಹಾದಿ ಕಾಣುತ್ತದೆ. ಲಂಡನ್ನಿನ ಲಾಳಗಾರರು 1356ರಲ್ಲಿಯೇ ಸಂಘ ಕಟ್ಟಿಕೊಂಡವರು; ಅಲ್ಲಿ 1975ರ ಶಾಸನದ ಮೇಲೆ ನೋಂದಾಯಿಸದವನು ಕುದುರೆಗೆ ಲಾಳ ಹೊಡೆಯುವುದು ಅಪರಾಧ. ಹಿಂದೆ ನವೆಂಬರ್ 23ರಂದು, ಕಮ್ಮಾರರ ಪೋಷಕನಾದ ಸಂತ ಕ್ಲೆಮೆಂಟನ ಹಬ್ಬದಂದು, ಇಂಗ್ಲೆಂಡಿನ ಕಮ್ಮಾರರು ಮೆರವಣಿಗೆ ಹೊರಟು ಕಾಸನ್ನೂ ಪಾನವನ್ನೂ ಎತ್ತುತ್ತಿದ್ದರು. ನಮ್ಮ ಆಯುಧಪೂಜೆಯ ಇನಾಮಿಗೂ ಅದಕ್ಕೂ ಸಂಪರ್ಕವೇನೂ ಇಲ್ಲ. ಸ್ಥಿತಿ ಒಂದೇ ಆದುದರಿಂದ ಪದ್ಧತಿ ಒಂದೇ ಆಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತನ್ನ ದರವನ್ನು ತಾನೇ ಗೊತ್ತುಮಾಡುವ ಇಂದಿನ ಅಲ್ಲಿಯ ಲಾಳಗಾರನು ಹಾಗೆ ಬೀದಿ ಸುತ್ತುವುದಿಲ್ಲ.

ಕೊಯಮತ್ತೂರಿನ ಇಂದಿನ ಕುದುರೆಯವನ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಅಡಗಿದೆ. ಟ್ರ್ಯಾಕ್ಟರು ಬಂದು ಗಾಡಿಪೇಟೆಗಳು ಬರಿದಾದ ಮೇಲೆ ಲಾಳದವರು ವಿರಳರಾದರು. ಉಳಿದವರು ಫೋನಿನಲ್ಲಿ ಕರೆದರೆ ಮೋಟಾರು ಸೈಕಲ್ಲಿನ ಮೇಲೆ ಬರುತ್ತಾರೆ, ದೂರಕ್ಕೆ ತಕ್ಕಂತೆ ತಮ್ಮ ದರವನ್ನು ತಾವೇ ಹೇಳುತ್ತಾರೆ. ಅಂಥವನಿಗೆ ಮೇಲೆ ನೂರು ರೂಪಾಯಿ ಚಾಚುವುದರಲ್ಲಿ ತಪ್ಪಿಲ್ಲವಾದರೂ ಅಗತ್ಯವೂ ಇಲ್ಲ. ಅದಕ್ಕಿಂತ ಅವನು ಹೇಳಿದ ದರಕ್ಕೆ ಚೌಕಾಸಿ ಮಾಡದಿರುವುದು, ಆ ದಿನದ ಹಣವನ್ನು ಆ ದಿನವೇ ಕೊಡುವುದು, ಗೊರಸು ಬೆಳೆದು ಸೀಳುವವರೆಗೂ ಕಾಯದೆ 6ರಿಂದ 8 ವಾರಗಳಿಗೊಮ್ಮೆ ಕರೆಯುವುದು ಲೇಸು. ಕುದುರೆಯು ಒದೆಯುವಂಥದಾಗಿ ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿದಿದ್ದರೆ ಆಗ ಕೊಡುವ ಹೆಚ್ಚಿನ ಹಣ ಇನಾಮಲ್ಲ, ಕೂಲಿಯೇ. ಅದನ್ನು ಕೂಲಿಯೆಂದೇ ಹೇಳಿ ಕೊಡಬೇಕು. ದೀಪಾವಳಿಗೆ ಒಂದು ಪಂಚೆ, ಒಂದು ಪೊಟ್ಟಣ ಸಿಹಿ ಕಳುಹಿಸುವುದು ಮನೆ ಮನೆಗಳ ನಡುವಣ ಮಾತು, ಅದು ನಡೆಯಲಿ. ಇನ್ನು ಜೇಬಿನಲ್ಲಿ ಕೊಡಲೇಬೇಕೆಂದು ತುಡಿಯುವ ನೋಟೊಂದು ಇದ್ದರೆ, ಭಾಯಿಯ ಹಿಂದೆ ಚೀಲ ಹೊತ್ತು ಬರುವ ಕೈಯಾಳು ಹುಡುಗನೊಬ್ಬನಿರುತ್ತಾನೆ; ಕುದುರೆಯ ಹಿಂಗಾಲನ್ನು ತೊಡೆಯ ಮೇಲೆ ಹೊತ್ತು ನಿಲ್ಲುವವನು ಅವನು, ದರವನ್ನು ಹೇಳುವ ಅಧಿಕಾರ ಅವನಿಗಿಲ್ಲ, ಆ ದಿನದ ಗಳಿಕೆಯಲ್ಲಿ ಅವನ ಪಾಲೆಷ್ಟೆಂಬುದು ಭಾಯಿಯ ಚಿತ್ತ. ಅವನನ್ನು ಹತ್ತಿರ ಕರೆದು, ಭಾಯಿಯು ನೋಡುತ್ತಿರುವಂತೆಯೇ ಕೊಟ್ಟರಾಯಿತು.